ಹಳೇ ಗಾಡಿಯವರ ಕೂಟದ ಕಥಿ



ಈ ಸಲ ಕಾರಿನ ಸುದ್ದಿ ಬರೀಲಿಕ್ಕ ಕೂತೇನಿ. "ಉಪ್ಪಿನಕಾಯಿ, ಹಪ್ಪಳ ಬಿಟ್ಟು ಈಕಿಗೆ ಕಾರಿನ ಉಸಾಬರಿ ಯಾಕ ಬೇಕಾಗಿತ್ತು" ಅಂತ ನಗಬ್ಯಾಡ್ರಿ. ಇದು ಕಾರಿಗಿಂತ ಹೆಚ್ಚು, ಮಂದಿ ಕೂಡೋದರ ಸುದ್ದಿ. ಮಂದಿ ಕೂಡಿದ್ರ ಏನೇನು ಆಗತದ ಅನ್ನೋದನ್ನ ನಮಗ ಯಾರೂ ಹೇಳಿಕೊಡೋದು ಬ್ಯಾಡ. ಸತ್ಯನಾರಾಯಣ ಪೂಜಾಕ್ಕ ಐವತ್ತು ಮಂದಿಗೆ ಹೇಳಿ ನೂರು ಮಂದಿ ಬಂದಾಗ ಸಾರಿಗೆ ನೀರು ಬೆರೆಸಿದವರು ನಾವು.

ನನ್ನ ಮಗಳ ಮನಿ ಅಮೇರಿಕಾದ ಮಿಶಿಗನ್ ರಾಜ್ಯದಾಗ, ಡೆಟ್ರಾಯಿಟ್ ಪಟ್ಟಣದ ಮಗ್ಗಲಕ್ಕ ಅದ. ಕಾರ್ ಕಂಪನಿಗೋಳ ತವರುಮನಿ ಅದು. ಅಳಿಯಂದ್ರ ಆಫೀಸಿನ ದೋಸ್ತರು ಕೆಲವರ ಹತ್ರ ಹಳೇ ಕಾಲದ ಕಾರ್ ಅವ. ಬ್ಯಾಸಗ್ಯಾಗ ಒಂದು ರವಿವಾರ ಮುಂಜಾನೆ ಎಲ್ಲಾರೂ ತಮ್ಮ ತಮ್ಮ ಗಾಡಿ ತಂದು ಒಂದು ಕಡೆ ನಿಲ್ಲಿಸಿ, ಚಹಾ ಕುಡದು, ಮಾತಾಡಿ ಮನಿಗೆ ಹೋಗೋಣು ಅಂತ ಅವರ ವಿಚಾರ. ಮಗಳು ಫೋನ್ ಮಾಡಿ, "ಅವ್ವಾ, ಸಣ್ಣ ಕೂಟ ಅಂತಾರ. ಹದಿನೈದು ಗಾಡಿ ಬರತಾವೋ ನೂರೈವತ್ತು ಬರತಾವೋ ಯಾರಿಗೂ ಗೊತ್ತಿಲ್ಲ. ಓಣಿಯವರು ಸಿಟ್ಟಾದ್ರ ನಾಳೆ ಅವರಿಗೆ ಮಾರಿ ತೋರಸೋರು ನಾವs ಅಲ್ಲೇನು?" ಅಂದ್ಲು. ಆಕಿ ಮಾತು ಖರೆ. ಇಂಥಾ ಕೂಟಕ್ಕ ಆ ದೇಶದಾಗ ಎಂಬತ್ತು-ತೊಂಬತ್ತು ವರ್ಷದ ಇತಿಹಾಸ ಅದ. ಯಾವ ಕೂಟ ಉಳೀತು, ಯಾವುದು ಮುರೀತು, ಯಾಕ ಮುರೀತು ಅನ್ನೋದನ್ನ ತಿಳಕೊಂಡ್ರ ನಮ್ಮ ಮನ್ಯಾಗಿನ ಕಾರ್ಯಕ್ಕೂ ಉಪಯೋಗ ಬೀಳತದ. ಅದಕ್ಕ ಅಲ್ಲಿದ್ದಾಗ ಓದಿ ಕೇಳಿ ತಿಳಕೊಂಡದ್ದನ್ನ ಇಲ್ಲೆ ಇಡತೇನಿ.

ಮೊದಲ ಎರಡು ಶಬ್ದ ತಿಳಕೊಳ್ರಿ. ಹಳೇ ಕಾರನ್ನ ಕಂಪನಿ ಹೆಂಗ ಮಾಡಿ ಕೊಟ್ಟಿತ್ತೋ ಹಂಗs ಜ್ವಾಕಿ ಮಾಡಿ ಇಟಗೊಂಡ್ರ ಅದು ಕ್ಲಾಸಿಕ್ ಕಾರ್. ಅಜ್ಜಿ ಪೈಠಣಿ ಸೀರಿ ಮಡಚಿ ಇಟ್ಟಂಗ. ಹಳೇ ಕಾರಿನ ಮಡ್‌ಗಾರ್ಡ್ ಕಿತ್ತು, ಬಾನೆಟ್ ತಗದು, ಇಂಜಿನ್ ಬದಲಿ ಮಾಡಿ, ಹಗುರ ಮಾಡಿ, ಜೋರಾಗಿ ಓಡೋ ಹಂಗ ಮಾಡಿದ್ರ ಅದು ಹಾಟ್ ರಾಡ್. ಅದೇ ಸೀರಿ ಕತ್ತರಿಸಿ ಲಂಗಾ ಹೊಲಿಸಿದಂಗ. ಎರಡೂ ಕಡೆಯವರಿಗೂ ತಮ್ಮದs ಖರೇ ಪ್ರೀತಿ ಅಂತ ಅನಸತದ. ಆದ್ರ ಒಂದs ಮೈದಾನದಾಗ ಬಾಜೂಕ ಬಾಜೂ ನಿಂತು ಒಬ್ಬರ ಗಾಡಿ ಒಬ್ಬರು ಬಗ್ಗಿ ನೋಡತಾರ.

ಈ ಹಾಟ್ ರಾಡ್ ಹುಟ್ಟಿದ್ದು ಶ್ರೀಮಂತರ ಮನ್ಯಾಗ ಅಲ್ಲ. ಹೆನ್ರಿ ಫೋರ್ಡ್ 1908ರಾಗ ಮಾಡೆಲ್ ಟಿ ಅನ್ನೋ ಕಾರ್ ತಂದ. 1927ರಾಗ ಅದನ್ನ ನಿಲ್ಲಸೋ ಹೊತ್ತಿಗೆ 1 ಕೋಟಿ 50 ಲಕ್ಷ ಗಾಡಿ ಆಗಿದ್ದವು. ಮೊದಲ 800 ಡಾಲರ್ ಮ್ಯಾಲೆ ಇದ್ದ ಕಿಮ್ಮತ್ತು ಬರಬರತ 300 ಡಾಲರಿನ ಒಳಗ ಬಂತು. 1932ರಾಗ ಅದೇ ಫೋರ್ಡ್ ಎಂಟು ಸಿಲಿಂಡರಿನ ವಿ-8 ಇಂಜಿನ್ ಇದ್ದ ಗಾಡಿಯನ್ನ ಸಾದಾ ಮಂದಿ ಕೊಳ್ಳೋ ರೇಟಿಗೆ ತಂದ. ಕೆಲವು ವರ್ಷ ಆದ ಮ್ಯಾಲೆ ಈ ಗಾಡಿಗೋಳು ಹಳೇ ಸಾಮಾನಿನ ಅಂಗಳಕ್ಕ ಬಂದು ಬಿದ್ದವು. ಆಗ ಅಮೇರಿಕಾದಾಗ ಮಹಾ ಬಡತನದ ಕಾಲ, ನೌಕರಿ ಇಲ್ಲ, ರೊಕ್ಕ ಇಲ್ಲ. ಹದಿನೆಂಟು-ಇಪ್ಪತ್ತು ವರ್ಷದ ಹುಡುಗೂರು ಒಂದು ಗಾಡಿಯ ಚೌಕಟ್ಟು, ಇನ್ನೊಂದರ ಇಂಜಿನ್, ಮತ್ತೊಂದರ ಗಾಲಿ ಹಿಂಗ ಜೋಡಿಸಿ ತಮ್ಮ ಗಾಡಿ ತಾವs ಕಟ್ಟಿಕೊಂಡ್ರು. ಉಳದ ಅನ್ನಕ್ಕ ಒಗ್ಗರಣಿ ಕೊಟ್ಟು ಚಿತ್ರಾನ್ನ ಮಾಡೋ ಬುದ್ಧಿನs ಅದು.

ಗಾಡಿ ಕಟ್ಟಿದ ಮ್ಯಾಲೆ ಓಡಿಸಿ ನೋಡಬೇಕಲ್ಲ? ಲಾಸ್ ಏಂಜಲೀಸ್ ಪಟ್ಟಣದಿಂದ ಸುಮಾರು ನೂರು ಮೈಲಿ ದೂರ ಮೊಹಾವಿ ಮರುಭೂಮಿ ಅದ. ಅಲ್ಲೆ ಮ್ಯೂರಾಕ್ ಅಂತ ಒಂದು ಒಣಗಿದ ಕೆರಿ. ಚಳಿಗಾಲದಾಗ ಒಂದಿಷ್ಟು ಮಳಿನೀರು ನಿಂತು, ಗಾಳಿಗೆ ಅತ್ತಿತ್ತ ಹರದು, ಬ್ಯಾಸಗ್ಯಾಗ ಒಣಗಿದ್ರ ನೆಲ ಸಾರಿಸಿದ ಪಡಸಾಲಿ ಹಂಗ ಸಪಾಟ ಆಗತದ. ಹುಡುಗೂರು ಶನಿವಾರ ರಾತ್ರಿ ಹೊಂಟು, ಅಲ್ಲೇ ಬಯಲಾಗ ಮಲಗಿ, ಬೆಳಕು ಹರಿಯೋ ಹೊತ್ತಿಗೆ ಓಡಸತಿದ್ರು. ಮೊದಮೊದಲ ಹತ್ತಾರು ಗಾಡಿ ಸಾಲಾಗಿ ಒಮ್ಮೆಲೆ ಬಿಡತಿದ್ರು. ಮುಂದಿನ ಗಾಡಿಯ ಧೂಳಿಗೆ ಹಿಂದಿನವನಿಗೆ ಏನೂ ಕಾಣತಿದ್ದಿಲ್ಲ. ಕೈಕಾಲು ಮುರಕೊಂಡವರೂ ಇದ್ರು, ಜೀವ ಕಳಕೊಂಡವರೂ ಇದ್ರು.

ಆಗ ಆ ಹುಡುಗೂರ ಸಂಘಗೋಳು ತಾವs ಕೂತು ವಿಚಾರ ಮಾಡಿದವು. 1937ರ ನವೆಂಬರಿನ್ಯಾಗ ಹಲವು ಸಣ್ಣ ಸಂಘ ಕೂಡಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಶನ್ ಅಂತ ಒಂದು ದೊಡ್ಡ ಸಂಘ ಮಾಡಿದ್ರು. 1938ರ ಮೇ ತಿಂಗಳಾಗ ಅದರ ಮೊದಲನೇ ಕೂಟ ಮ್ಯೂರಾಕಿನ್ಯಾಗ ಆತು. ಗಾಡಿ ಗಾಡಿ ಜೋಡಿ ಜಿದ್ದಿಗೆ ಬಿಡೋ ಬದಲಿ ಗಡಿಯಾರದ ಜೋಡಿ ಓಡಸೋದು, ಓಡಸೋಕಿಂತ ಮೊದಲ ಗಾಡಿ ಪರೀಕ್ಷಾ ಮಾಡೋದು, ತನ್ನ ಹುಡುಗೂರ ನಡತಿಗೆ ಆಯಾ ಸಂಘನs ಜವಾಬು. ಹೊರಗಿನವರು ಬಂದು ಹಾಕಿದ ಕಟ್ಟಳಿ ಅಲ್ಲ ಇವು, ತಮ್ಮ ದೋಸ್ತರು ಸಾಯೋದು ನೋಡಿ ತಾವs ಹಾಕಿಕೊಂಡದ್ದು. ಹಿಂಗಾಗಿ ನಿಂತವು.

ಈಗ ನಾ ನಿಮಗೆ ಒಬ್ಬಾಕಿ ಸುದ್ದಿ ಹೇಳಬೇಕು. ಆಕಿ ಹೆಸರು ವೀಡಾ ಆರ್. ಗಂಡ ಕಾರ್ಲ್ ಆರ್ ಗಾಡಿ ಸಾಮಾನಿನ ಅಂಗಡಿ ಇಟ್ಟಿದ್ದ, ತಾನೂ ಗಾಡಿ ಓಡಸತಿದ್ದ. ವೀಡಾ ಸುಮ್ಮ ಬುತ್ತಿ ಕಟಗೊಂಡು ಹೋಗಿ ಧೂಳಾಗ ಕೂಡೋ ಹೆಣಮಗಳಲ್ಲ. ತಾನೂ ಗಾಡಿ ಹತ್ತಿ, ಗಂಟೆಕ್ಕ ನೂರು ಮೈಲಿ ದಾಟಿಸಿ ಓಡಿಸಿದ್ಲು. ನೂರು ಮೈಲಿ ಅಂದ್ರ ನಮ್ಮ ಲೆಕ್ಕದಾಗ 160 ಕಿಲೋಮೀಟರ್. ಆ ಗಂಡಸೂರ ಸಂಘದಾಗ ಓಡಸಲಿಕ್ಕ ಒಪ್ಪಿಗಿ ಸಿಕ್ಕ ಮೊದಲನೇ ಹೆಣಮಗಳು ಆಕಿ.

ಆದ್ರ ನನಗ ಆಕಿ ಮ್ಯಾಲೆ ಪ್ರೀತಿ ಬಂದದ್ದು ಇನ್ನೊಂದು ಕೆಲಸಕ್ಕ. ಎರಡನೇ ಮಹಾಯುದ್ಧ ಬಂತು. ಹುಡುಗೂರೆಲ್ಲ ಸೈನ್ಯಕ್ಕ ಹೋದ್ರು. ಪೆಟ್ರೋಲಿಗೆ ರೇಶನ್, ಟೈರಿಗೆ ರೇಶನ್. ಮ್ಯೂರಾಕಿನ ಬಯಲು ಸೈನ್ಯದವರ ಕೈಗೆ ಹೋತು, ಈಗ ಅಲ್ಲೆ ಎಡ್ವರ್ಡ್ಸ್ ವಾಯುನೆಲೆ ಅದ. ಕೂಟ ನಿಂತs ಹೋತು. ಆಗ ಸಂಘದ ಸಣ್ಣ ಸುದ್ದಿಪತ್ರಿಕಾ ನಿಲ್ಲದಂಗ ನೋಡಿಕೊಂಡಾಕಿ ವೀಡಾ. ಯಾರು ಎಲ್ಲಿದ್ದಾರ, ಯಾರ ಗಾಡಿ ಯಾವ ಗ್ಯಾರೇಜಿನಾಗ ಮುಚ್ಚಿ ಇಟ್ಟದ ಅನ್ನೋ ಸುದ್ದಿ ಕೂಡಿಸಿ, ದೂರದ ಯುದ್ಧಭೂಮಿಯಾಗ ಇದ್ದ ಹುಡುಗೂರಿಗೆ ಟಪಾಲಿನಾಗ ಕಳಸತಿದ್ಲು. ಮುಂದ ಯುದ್ಧ ಮುಗದ ಮ್ಯಾಲೆ ಆ ಬಯಲಿನ ಓಟದ ಫೋಟೋಗೋಳ ಪುಸ್ತಕಾನೂ ತಂದ್ಲು. ಹುಡುಗೂರು ತಿರುಗಿ ಬಂದಾಗ ಅವರಿಗೆ ಸೇರಲಿಕ್ಕ ಒಂದು ಸಂಘ ಇತ್ತು ಅಂದ್ರ ಅದರಾಗ ಆಕಿ ಪಾಲು ದೊಡ್ಡದು. ಕೂಟ ಅಂದ್ರ ಕೂಡೋ ದಿವಸ ಅಷ್ಟs ಅಲ್ಲ. ಕೂಡದs ಇದ್ದ ದಿವಸದಾಗ ಸಂಬಂಧ ಹರಿಯದಂಗ ಹಿಡಕೊಂಡಿರೋದೂ ಕೂಟದ ಕೆಲಸನs. ಮದವಿ ಪತ್ರಿಕಾ ಹಂಚೋದು, ಬಾಣಂತಿ ಸುದ್ದಿ ಮುಟ್ಟಸೋದು ಮಾಡೋರಿಗೆ ಇದು ಗೊತ್ತಿದ್ದದ್ದs.

ಯುದ್ಧ ಮುಗದ ಮ್ಯಾಲೆ ತಾಪತ್ರಯ ಶುರು ಆತು. ಸೈನ್ಯದಾಗ ವಿಮಾನ, ಲಾರಿ ರಿಪೇರಿ ಕಲತು ಬಂದ ಹುಡುಗೂರು, ಕೈಯಾಗ ಒಂದಿಷ್ಟು ರೊಕ್ಕ, ಮೈಯಾಗ ಹುರುಪು. ಬಯಲು ದೂರ ಅಂತ ಊರಿನ ರಸ್ತೆದಾಗs ರಾತ್ರಿ ಜಿದ್ದಿಗೆ ಬಿದ್ದು ಗಾಡಿ ಬಿಡಲಿಕ್ಕ ಹತ್ತಿದ್ರು. ಅಪಘಾತ ಆದವು. ಪೇಪರಿನಾಗ ಹಾಟ್ ರಾಡ್ ಅಂದ್ರ ಪುಂಡರ ಗಾಡಿ ಅಂತ ಬರೀಲಿಕ್ಕ ಹತ್ತಿದ್ರು. ಸಣ್ಣ ಮಕ್ಕಳ ತಾಯಂದ್ರು ಅಂಜಿದ್ದು ತಪ್ಪಲ್ಲ. ನಮ್ಮ ಓಣ್ಯಾಗ ಸೈಲೆನ್ಸರ್ ಕಿತ್ತು ಬೈಕ್ ಹೊಡಿಯೋ ಹುಡುಗೂರನ್ನ ನಾವೂ ಬೈತೇವಿ.

ಆ ಹೆಸರು ತೊಳಿಯೋ ಸಲುವಾಗಿ 1948ರ ಜನವರಿಯೊಳಗ ಲಾಸ್ ಏಂಜಲೀಸಿನ್ಯಾಗ ಒಂದು ಪ್ರದರ್ಶನ ಇಟ್ರು. ಗಾಡಿ ಓಡಸೋದಲ್ಲ, ತೊಳದು ಹೊಳಪು ಕೊಟ್ಟು ನಿಲ್ಲಿಸಿ ಊರವರಿಗೆ ತೋರಸೋದು. ಅದೇ ಹೊತ್ತಿಗೆ ರಾಬರ್ಟ್ ಪೀಟರ್ಸನ್ ಅನ್ನೋ ಹುಡುಗ ಹಾಟ್ ರಾಡ್ ಅನ್ನೋ ಮಾಸಪತ್ರಿಕಾ ಶುರು ಮಾಡಿದ. ಆ ಪತ್ರಿಕಾದ ಸಂಪಾದಕ ಆಗಿ ಬಂದ ವಾಲಿ ಪಾರ್ಕ್ಸ್ 1951ರಾಗ ನ್ಯಾಶನಲ್ ಹಾಟ್ ರಾಡ್ ಅಸೋಸಿಯೇಶನ್ ಕಟ್ಟಿದ. ಹುಡುಗೂರನ್ನ ರಸ್ತೆ ಬಿಡಿಸಿ, ಬ್ಯಾರೆ ಜಾಗದಾಗ, ನಿಯಮದ ಒಳಗ ಓಡಸಬೇಕು ಅನ್ನೋದು ಅದರ ಗುರಿ.

ಇದರಾಗ ನನಗ ಭಾಳ ಸೇರಿದ್ದು ಪೊಮೋನಾ ಅನ್ನೋ ಊರಿನ ಸುದ್ದಿ. ಅಲ್ಲಿಯ ಪೊಲೀಸ್ ಬಡ್ ಕೂನ್ಸ್ ಈ ಹುಡುಗೂರ ಜೋಡಿ ದೋಸ್ತಿ ಮಾಡಿದ. ಊರಿನ ಜಾತ್ರಿ ಮೈದಾನದ ಪಾರ್ಕಿಂಗ್ ಜಾಗದಾಗ ಓಟ ಶುರು ಆತು. 1953ರ ಏಪ್ರಿಲಿನ್ಯಾಗ ಆ ರಾಷ್ಟ್ರೀಯ ಸಂಘದ ಮೊದಲನೇ ಅಧಿಕೃತ ಓಟ ಅಲ್ಲೇ ಆತು. ಮರುವರ್ಷ 1954ರಾಗ ಕೂನ್ಸನೂ ಸೇರಿ ನಾಕು ಮಂದಿ ಗಂಡಸೂರು ಒಂದು ಉದ್ದನ ಸ್ಟೇಶನ್ ವ್ಯಾಗನ್ ಗಾಡಿ, ಅದಕ್ಕೊಂದು ಹಿಂಬಂಡಿ ಕಟಗೊಂಡು ಊರೂರು ತಿರುಗಿದ್ರು. ಗಾಡಿ ಪರೀಕ್ಷಾ ಹೆಂಗ ಮಾಡಬೇಕು, ಮಂದಿ ಎಲ್ಲೆ ನಿಲ್ಲಬೇಕು, ಗಡಿಯಾರ ಹೆಂಗ ಇಡಬೇಕು ಅಂತ ಊರಿನ ಸಂಘದವರಿಗೆ ಕಲಿಸಿಕೊಟ್ಟು ಮುಂದಿನ ಊರಿಗೆ ಹೋಗತಿದ್ರು. ಬೈಯೋ ಕೆಲಸ ಸಸಾರ, ಜಾಗ ತೋರಸೋ ಕೆಲಸ ತ್ರಾಸು. ಅವರು ತ್ರಾಸಿನ ಕೆಲಸ ಮಾಡಿದ್ರು.

ಇಷ್ಟು ಓಟದ ಕಥಿ ಆತು. ಇನ್ನ ಸುಮ್ಮ ಕೂಡೋದರ ಕಥಿ. ಮಗಳ ಮನಿ ಹತ್ರನs ವುಡ್‌ವರ್ಡ್ ಅವೆನ್ಯೂ ಅನ್ನೋ ರಸ್ತೆ ಅದ. ಡೆಟ್ರಾಯಿಟಿನಿಂದ ಪಾಂಟಿಯಾಕ್ ಊರಿನ ಮಟಾ ಹೋಗತದ. 1909ರಾಗ ಆ ರಸ್ತೆದ ಒಂದು ಮೈಲಿಗೆ ಕಾಂಕ್ರೀಟ್ ಹಾಕಿದ್ರು, ಕಾಂಕ್ರೀಟ್ ಹೆದ್ದಾರಿಯ ಮೊದಲ ಮೈಲಿ ಅಂತ ಅದಕ್ಕ ಹೆಸರು. ಅದೇ ರಸ್ತೆ ಮ್ಯಾಲೆ ಹೈಲ್ಯಾಂಡ್ ಪಾರ್ಕಿನ್ಯಾಗ ಫೋರ್ಡನ ಕಾರಖಾನಿ, 1913ರಾಗ ಸರಿಯೋ ಪಟ್ಟಿ ಮ್ಯಾಲೆ ಕಾರ್ ಜೋಡಸೋದು ಶುರು ಆದದ್ದು ಅಲ್ಲೇ. 1950, 60ರ ದಶಕದಾಗ ಹರೇದ ಹುಡುಗೂರು, ಹುಡುಗ್ಯಾರು ಸಂಜಿಮುಂದ ಈ ರಸ್ತೆ ಮ್ಯಾಲೆ ಕಾರಿನಾಗ ಸಾವಕಾಶ ಹೋಗೋದು, ಬರೋದು, ನಡುವ ಗಾಡಿಯೊಳಗ ಕೂತs ತಿನ್ನೋ ಹೋಟೆಲ್ ಮುಂದ ನಿಲ್ಲೋದು. ನಮ್ಮ ಕಡೆ ಜಾತ್ರ್ಯಾಗ ಹೊಸಾ ಅರಿವಿ ಹಾಕ್ಕೊಂಡು ಪೇಟಿ ಸುತ್ತೋದು ಇರತದಲ್ಲ, ಅದು. 1970ರ ದಶಕದಾಗ ಪೆಟ್ರೋಲ್ ತುಟ್ಟಿ ಆತು, ದೊಡ್ಡ ಗಾಡಿ ಕಾಲ ಮುಗೀತು, ಆ ಸಂಜಿಗೋಳ ರಂಗೂ ಇಳೀತು.

ಮುಂದ 1995ರಾಗ ಅದೇ ರಸ್ತೆ ಮ್ಯಾಲಿನ ಫರ್ನ್‌ಡೇಲ್ ಅನ್ನೋ ಸಣ್ಣ ಊರಿನ್ಯಾಗ ನೆಲ್ಸನ್ ಹೌಸ್ ಅನ್ನೋ ಪ್ಲಂಬರ್ ಒಬ್ಬ ವಿಚಾರ ಮಾಡಿದ. ಊರ ಮಕ್ಕಳಿಗೆ ಫುಟ್‌ಬಾಲ್ ಆಡಲಿಕ್ಕ ಮೈದಾನ ಬೇಕು, ರೊಕ್ಕ ಕೂಡಸಬೇಕು. ಹಳೇ ಗಾಡಿಯವರನ್ನ ಕರದು ಒಂದು ದಿವಸ ವುಡ್‌ವರ್ಡ್ ಮ್ಯಾಲೆ ಮೊದಲಿನಂಗ ತಿರುಗಿಸಿದ್ರ ಹೆಂಗ? ಮೂವತ್ತು-ನಲವತ್ತು ಸಾವಿರ ಮಂದಿ ಬರಬಹುದು ಅಂತ ಅಂದಾಜು. ಆಗಸ್ಟ್ ತಿಂಗಳ ಆ ದಿವಸ ಬಂದದ್ದು ಸುಮಾರು 2 ಲಕ್ಷ 50 ಸಾವಿರ ಮಂದಿ! ಆ ಮನಿ ಹೆಣಮಕ್ಕಳ ಬಾಗಲಾ ಎಷ್ಟು ಮಂದಿ ಬಡದು "ಒಂಚೂರು ಬಾತ್‌ರೂಮ್" ಅಂತ ಕೇಳಿರಬೇಕು ಅಂತ ನನ್ನ ತಲಿಗೆ ಬಂದ ಮೊದಲ ವಿಚಾರ. ಈಗ ವುಡ್‌ವರ್ಡ್ ಡ್ರೀಮ್ ಕ್ರೂಜ್ ಅಂತ ಪ್ರತಿವರ್ಷ ಆಗಸ್ಟಿನ ಮೂರನೇ ಶನಿವಾರ ಆಗತದ. ಸುಮಾರು 40 ಸಾವಿರ ಗಾಡಿ, ಹತ್ತು ಲಕ್ಷ ಮಂದಿ. ಅದನ್ನ ಈಗ ಹಲವು ಊರಿನ ಪುರಸಭಾ, ಪೊಲೀಸ್, ದೊಡ್ಡ ಕಂಪನಿ ಎಲ್ಲಾ ಕೂಡಿ ಸಂಭಾಳಸತಾರ. ತೇರು ಎಳಿಯೋದು ಮನಿಯವರ ಕೈಲೆ ಆಗೂದಲ್ಲ, ಊರು ಬೇಕು.

ಹಂಗಂತ ಸಣ್ಣದಾಗಿ ಉಳದ ಕೂಟಾನೂ ಅವ. ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚ್ ಊರಿನ್ಯಾಗ ಒಂದು ಡೋನಟ್ ಅಂಗಡಿ. 1980ರ ದಶಕದಿಂದ ಶನಿವಾರ ಮುಂಜಾನೆ ಅದರ ಮುಂದ ಹಳೇ ಗಾಡಿಯವರು ಬಂದು ಕೂಡತಾರ. ಡೋನಟ್ ಡೆರಿಲಿಕ್ಟ್ಸ್ ಅಂತ ತಮಗ ತಾವs ಹೆಸರು ಇಟಗೊಂಡಾರ, ಡೋನಟ್ಟಿನ ದಿಕ್ಕಿಲ್ಲದವರು ಅಂದಂಗ. ಅಧ್ಯಕ್ಷ ಇಲ್ಲ, ಚಂದಾ ಇಲ್ಲ, ಬಕ್ಷೀಸು ಇಲ್ಲ, ಹೆಸರು ಬರಸೋದಿಲ್ಲ. ನಸುಕಿನ್ಯಾಗ ಬರತಾರ, ಕಾಫಿ ಡೋನಟ್ ತೊಗೋತಾರ, ಬಿಸಿಲು ಏರೋದರಾಗ ಮನಿಗೆ ಹೋಗತಾರ. ಬರ್ಬ್ಯಾಂಕ್ ಊರಿನ ಬಾಬ್ಸ್ ಬಿಗ್ ಬಾಯ್ ಅನ್ನೋ 1949ರ ಹಳೇ ಹೋಟೆಲಿನ ಅಂಗಳದಾಗ ಶುಕ್ರವಾರ ಸಂಜಿಗೆ ಹಿಂಗs ಕೂಡತಾರ. ಎರಡೂ ಕಡೆ ಒಂದು ಗುಟ್ಟು ಅದ: ಅಂಗಡಿಯವನಿಗೆ ವ್ಯಾಪಾರ ಆಗತದ. ಯಾರ ಅಂಗಳದಾಗ ನಿಂತಾರೋ ಅವನಿಗೆ ನಾಕು ಕಾಸು ಹುಟ್ಟಿದ್ರ ಅವ ಯಾಕ ಬ್ಯಾಡ ಅಂತಾನ?

ಮುರದ ಕೂಟದ ಸುದ್ದಿನೂ ಕೇಳ್ರಿ. ಅದೇ ಕ್ಯಾಲಿಫೋರ್ನಿಯಾದ ಅರ್ವೈನ್ ಊರಿನ್ಯಾಗ 2006ರಾಗ ಕಾರ್ಸ್ ಅಂಡ್ ಕಾಫಿ ಅಂತ ಶುರು ಆತು. ಕಾರ್ ಕಂಪನಿಯ ಆಫೀಸಿನ ಪಾರ್ಕಿಂಗ್ ಜಾಗ, ಶನಿವಾರ ಮುಂಜಾನೆ ಎರಡು ತಾಸು. ಹೆಸರು ದೇಶದ ತುಂಬ ಹಬ್ಬಿತು, ಬ್ಯಾರೆ ಊರವರೂ ಅದೇ ಹೆಸರಿನಲೆ ಕೂಟ ಶುರು ಮಾಡಿದ್ರು. ಗಾಡಿ ಹೆಚ್ಚಾದವು, ನೋಡೋರು ಹೆಚ್ಚಾದ್ರು, ರಸ್ತೆ ತುಂಬಿತು. ಹೋಗೋಮುಂದ ಕೆಲವು ಹುಡುಗೂರು ಟೈರ್ ಸುಟ್ಟು ಹೊಗಿ ಎಬ್ಬಿಸಿ ಗಾಡಿ ಬಿಡಲಿಕ್ಕ ಹತ್ತಿದ್ರು. 2014ರ ಕೊನಿಗೆ ನಡಸೋರು ಕೈ ಮುಗದು ನಿಲ್ಲಿಸಿಬಿಟ್ರು. ಎಂಟು ವರ್ಷದ ಕೂಟ ಮುರದದ್ದು ಹಳೇ ಗಾಡಿಯಿಂದ ಅಲ್ಲ, ಬಾಗಲದಿಂದ ಹೊರಗ ಹೋದ ಮ್ಯಾಲೆ ಮಾಡಿದ ಪುಂಡಾಟದಿಂದ.

ಈ ಎಲ್ಲಾ ಕಥಿಯಿಂದ ಮಗಳಿಗೆ ನಾ ಬರದು ಕಳಿಸಿದ್ದು ಇಷ್ಟು. ನಿಮ್ಮ ಮಕ್ಕಳೂ ಬೆಂಗಳೂರಾಗೋ, ಪರದೇಶದಾಗೋ ಇಂಥಾದ್ದು ಮಾಡೋರಿದ್ರ ಹೇಳ್ರಿ.

ಮುಂಜಾನೆ ಇಡ್ರಿ, ಸಂಜಿಗೆ ಬ್ಯಾಡ. ಹಳೇ ಇಂಜಿನ್ ಬಿಸಲಾಗ ನಿಂತಲ್ಲೇ ಕಾಯತಾವ, ಕುದೀತಾವ. ಮುಂಜಾನೆ ಬರೋರು ಗಾಡಿ ಪ್ರೀತಿಗೆ ಎದ್ದು ಬಂದವರು, ಕುಡದು ಕುಣಿಯೋರಿಗೆ ಅಷ್ಟು ಲಗೂ ಎಚ್ಚರ ಆಗೂದಿಲ್ಲ. ಶುರು ಮಾಡೋ ಹೊತ್ತಿಗಿಂತ ಮುಗಸೋ ಹೊತ್ತು ಮೊದಲ ಹೇಳ್ರಿ.

ಜಾಗದ ಮಾಲಕನ ಒಪ್ಪಿಗಿ ಬಾಯಿಮಾತಿನಾಗ ಬ್ಯಾಡ, ಬರವಣಿಗ್ಯಾಗ ತೊಗೊಳ್ರಿ. ವಿಮಾ ಏನು ಬೇಕು ಅಂತ ಕೇಳಿಕೊಳ್ರಿ. ಬಾಜೂ ಮನಿಯವರಿಗೆ ವಾರದ ಮೊದಲ ಹೋಗಿ, ಇಂಥಾ ದಿವಸ ಇಷ್ಟು ಹೊತ್ತು ಒಂಚೂರು ಸಪ್ಪಳ ಆಗತದ, ನೀವೂ ಬರ್ರಿ ಅಂತ ಹೇಳಿ ಬರ್ರಿ. ಕರದವರು ದೂರು ಕೊಡೋದು ಕಡಿಮಿ.

ಹಳೇ ಗಾಡಿ ಎಣ್ಣಿ ಸೋರತಾವ, ಅದು ಅವುಗಳ ವಯಸ್ಸು. ಇಂಜಿನ್ನಿನ ಕೆಳಗ ಹಾಸಲಿಕ್ಕ ರಟ್ಟು ಇಡ್ರಿ. ಬೆಂಕಿ ಆರಸೋ ಸಿಲಿಂಡರ್ ಎರಡು ಕಣ್ಣಿಗೆ ಕಾಣೋ ಹಂಗ ಇಡ್ರಿ. ಸಣ್ಣ ಮಕ್ಕಳಿಗೆ, ಕೇಳದs ಮುಟ್ಟಬಾರದು ಅಂತ ಮೊದಲs ಹೇಳ್ರಿ; ಗಾಡಿಯವರಿಗೆ, ಮಕ್ಕಳು ಕೇಳಿದ್ರ ಒಳಗ ಕೂಡಸ್ರಿ ಅಂತ ಹೇಳ್ರಿ. ಮುಂದಿನ ಕಾಲಕ್ಕ ಆ ಗಾಡಿ ತಿಕ್ಕೋರು ಅವರs.

ಜಗತ್ತಿಗೆಲ್ಲ ಡಂಗುರ ಹೊಡೀಬ್ಯಾಡ್ರಿ. ಒಬ್ಬೊಬ್ಬರು ತಮಗ ಖರೆ ಗುರತು ಇದ್ದ ಒಬ್ಬರನ್ನ ಕರೀರಿ. ಮ್ಯೂರಾಕಿನ ಸಂಘದಾಗ ಇದ್ದಂಗ, ಕರದವನೇ ಅವನ ನಡತಿಗೆ ಜವಾಬು. ಹೋಗೋಮುಂದ ಟೈರ್ ಸುಟ್ಟವನಿಗೆ ಮುಂದಿನ ಸಲ ಬರಬ್ಯಾಡ ಅನ್ನೋದನ್ನ ಮುಲಾಜಿಲ್ಲದs ಅನ್ರಿ. ಒಬ್ಬನ ಮಾರಿ ನೋಡಿ ಸುಮ್ಮ ಕೂತ್ರ ಎಲ್ಲಾರ ಕೂಟ ಹೋಗತದ.

ಮತ್ತ ಚಹಾ, ನಾಷ್ಟಾ ಮನ್ಯಾಗ ಮಾಡಬ್ಯಾಡ್ರಿ. ಇದನ್ನ ನಾ ಮಗಳಿಗೆ ಎರಡು ಸಲ ಹೇಳೇನಿ. ಹತ್ರದ ಅಂಗಡಿಯಿಂದ ತಾವು ತಾವು ಕೊಂಡು ತಿನ್ನಲಿ. ಅಂಗಡಿಯವನೂ ಖುಷಿ, ಹೆಣಮಕ್ಕಳೂ ಒಲಿ ಮುಂದ ನಿಲ್ಲದs ಗಾಡಿ ನೋಡಬಹುದು. ಯಾರರ ಹೆಣಮಗಳಿಗೆ ಮನಸಿದ್ರ ಸ್ಟೇರಿಂಗ್ ಹಿಡದು ಒಂದು ಸುತ್ತು ಹೊಡೀಬಹುದು. ಕೂಟ ಮುಗದ ಮ್ಯಾಲೆ ಗಂಡಸೂರs ಕಸದ ಚೀಲಾ ಹಿಡದು ಅಂಗಳ ಒಂದು ಸಲ ತಿರುಗಲಿ. ಮುಂಜಾನೆ ಬರೋಮುಂದ ಜಾಗ ಹೆಂಗಿತ್ತೋ ಅದಕ್ಕಿಂತ ಸ್ವಚ್ಛ ಬಿಟ್ಟು ಹೋದ್ರ ಮುಂದಿನ ತಿಂಗಳ ಒಪ್ಪಿಗಿ ಕೇಳೋ ಕೆಲಸ ಅರ್ಧಾ ಮುಗದಂಗs.

ನಮ್ಮ ಕಡೆ ಇನ್ನೂ ಎಷ್ಟೋ ಮನ್ಯಾಗ ಅಜ್ಜನ ಕಾಲದ ಅಂಬಾಸಡರ್, ಫಿಯಾಟ್ ತಗಡಿನ ಶೆಡ್ಡಿನಾಗ ನಿಂತಾವ. 1958ರಿಂದ 2014ರ ಮಟಾ ತಯಾರಾದ ಅಂಬಾಸಡರ್ ಇನ್ನ ಹೊಸದು ಬರೂದಿಲ್ಲ. ಗುಜರಿಗೆ ಹಾಕೋಕಿಂತ ಮೊದಲ, ಆ ಗಾಡಿಯಾಗ ಮದವಿ ಆಗಿ ಬಂದವರು, ಬಾಣಂತಿ ಆಗಿ ಮನಿಗೆ ಬಂದವರು ಯಾರ್ಯಾರು ಅಂತ ಒಂದು ಹಾಳ್ಯಾಗ ಬರದು ಇಡ್ರಿ. ವೀಡಾ ಮಾಡಿದ್ದೂ ಅದೇ ಕೆಲಸ.